ಹಳ್ಳದ ದಂಡೆಯಿಂದ ಚಿಗರಿವನದ ತನಕ

ಪುತಳಾಬಾಯಿ ಅಮ್ಮನವರಿಗೆ, ಕಲಬುರಗಿಯ ಶಹಾಬಜಾರದಿಂದ ಸಂಘಮಿತ್ರಾಳ ಜೈಭೀಮ್.

ನಿಮ್ಮ ಮಗನನ್ನು ಮನೆಗೆ ಕರೆದು ಉಪ್ಪಿಟ್ಟು ತಿನ್ನಿಸಿ ನೋಡುವ ಬದಲು ಬಿಸಿಲಲ್ಲಿ ನಡೆಸಿದ್ದಕ್ಕೆ ನಿಮಗೆ ಸಿಟ್ಟು ಬಂದಿದೆಯಂತೆ. ನಡೆಯೋಣ ಅಂದದ್ದು ನಾನೇ. ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ದಿನಾ ನೂರಾರು ಮುಖ ನೋಡುವವಳು ನಾನು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತವರನ್ನು ನೋಡಿ ಏನೂ ತಿಳಿಯುವುದಿಲ್ಲ ಅನ್ನುವುದು ನನಗೆ ಗೊತ್ತು.

ಭಾನುವಾರ ಬೆಳಿಗ್ಗೆ ಇಬ್ಬರೂ ಮಹಾಗಾಂವದಲ್ಲಿ ಇಳಿದೆವು. ಹಳ್ಳ ಕೆರೆಗೆ ಸೇರುವ ಕಡೆ ಆಪಿನ ಹುಲ್ಲು ಎತ್ತರಕ್ಕೆ ಬೆಳೆದು, ಬೆಳ್ಳಕ್ಕಿ ಕೂತಿದ್ದವು. ಅಲ್ಲಿಂದ ತೊಗರಿ ಹೊಲಗಳ ನಡುವೆ ಕಮಲಾಪುರದ ಕಡೆಗೆ, ಚಿಗರಿವನದ ಬಾಗಿಲ ತನಕ ಕಾಲುದಾರಿ. ನಿಮ್ಮ ಸುಧಾಕರ ಮಾಸ್ತರರು ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಹಳ್ಳ ದಾಟುವಾಗ ಎರೆಮಣ್ಣಿನಲ್ಲಿ ಒಂದು ಬೂಟು ಸಿಕ್ಕಿಕೊಂಡು, ಕಾಲು ಮಾತ್ರ ಹೊರಗೆ ಬಂತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಹೆದರಿದೆ. ಅವರು ಒಂಟಿ ಕಾಲಲ್ಲಿ ನಿಂತು ನನಗಿಂತ ಜೋರಾಗಿ ನಕ್ಕರು.

ಆಡು ಮೇಯಿಸುತ್ತಿದ್ದ ಮಾನಮ್ಮ ಎಂಬ ಅಜ್ಜಿ, "ಹೊಸಾ ಜೋಡಿ ಏನವಾ?" ಅಂತ ಕೂಗಿದಳು.

"ಇನ್ನಾ ನೋಡಾಕತ್ತೀವಿ, ಆಯಿ" ಅಂದೆ.

"ನೋಡ್ರಿ, ನೋಡ್ರಿ. ಆದ್ರ ಅವನ ಮಾರಿ ನೋಡ್ಕೋತ ಕೆರ್ಯಾಗ ಬಿದ್ದಿ!"

ಬೇವಿನ ನೆರಳಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ. ಆಗ ಅವರು ತಲೆ ತಗ್ಗಿಸಿ ಹೇಳಿದರು: "ಲಗ್ನ ಆದಮ್ಯಾಲ ನೀವು ನೌಕರಿ ಬಿಡಬೇಕಂತ ಅವ್ವ ಅಂತಾಳ್ರಿ. ಹೊತ್ತಲ್ಲದ ಹೊತ್ತಿನ್ಯಾಗ ಡ್ಯೂಟಿ, ಬಾಳ ಅಂಜ್ತಾಳ."

"ನಿಮಗೇನ ಅನಸ್ತದ್ರಿ?"

ಅವರು ರೊಟ್ಟಿ ಮುರಿಯುತ್ತಲೇ ಇದ್ದರು. ನಾನು ಬುತ್ತಿ ಕಟ್ಟಿ ಎದ್ದೆ. ಉಳಿದ ದಾರಿಯನ್ನು ಅವರಿಗಿಂತ ಮುಂದೆ ಮುಂದೆ ದಡದಡನೆ ನಡೆದೆ. ಹಿಂದೆ ಬಂದ ಸಂಬಂಧಗಳಂತೆ ಇದೂ ಮುಗಿಯಿತು ಅಂದುಕೊಂಡೆ. ಬೇಜಾರಾದದ್ದು ನಿಜ, ಅಮ್ಮಾ. ಅಷ್ಟರಲ್ಲಿ ಅವರು ನನಗೆ ಹಿಡಿಸಿಬಿಟ್ಟಿದ್ದರು.

ಚಿಗರಿವನದ ಬೇಲಿಯಾಚೆ ಜಿಂಕೆಗಳ ಒಂದು ಹಿಂಡು ಮೇಯುತ್ತಿತ್ತು. ಏನು ಕೇಳಿಸಿತೋ, ಎಲ್ಲವೂ ಒಮ್ಮೆಗೇ ನೆಗೆದು ಹುಲ್ಲಿನ ಮೇಲೆ ಹಾರಿಹೋದವು. ಇಬ್ಬರೂ ಬಾಯಿ ತೆರೆದು ನಿಂತೆವು. ಅವರು ಮೆಲ್ಲಗೆ ಮಾತು ತೆಗೆದರು.

"ಸಾಲಿ ಬಿಟ್ಟಮ್ಯಾಲ ನಾ ಜಲ್ದಿ ಮನಿಗಿ ಬರ್ತೀನ್ರಿ. ಸಂಜಿ ಅಡಿಗಿ ನಾನೇ ಮಾಡ್ತೀನಿ. ನಿಮಗ ತಡ ಆದ್ರ ಡಿಪೋ ಮುಂದ ಗಾಡಿ ತಗೊಂಡು ನಿಂದರ್ತೀನಿ. ಬೇವಿನ ಗಿಡದಿಂದ ಇಲ್ಲಿಗಿ ಬರೋ ತನಕ ಇದನ್ನೇ ಯೋಚನಿ ಮಾಡ್ಲಾಕತ್ತಿದ್ದೆ. ಆದ್ರ ರೊಟ್ಟಿ ಬಡಿಯಾಕ ಬರಂಗಿಲ್ಲ."

"ನಾ ಕಲಸ್ತೀನ್ರಿ" ಅಂದೆ. ನನ್ನ ಒಪ್ಪಿಗೆ ಬಾಯಿಂದ ಬಿದ್ದದ್ದು ಹಾಗೆ.

"ಅವ್ವಗ ನಾನೇ ಹೇಳ್ತೀನಿ" ಎಂದರು. ಬೇಡ, ನಾನೇ ಬರೆಯುತ್ತೇನೆ ಅಂದೆ. ನಿಮ್ಮಿಬ್ಬರ ನಡುವೆ ಜಗಳ ಹಚ್ಚಿ ಒಳಗೆ ಬರಲು ನನಗೆ ಮನಸ್ಸಿಲ್ಲ. ನಿಮ್ಮ ಅಂಜಿಕೆ ಸುಳ್ಳೆಂದೂ ಹೇಳಲಾರೆ. ನನ್ನ ಅವ್ವನೂ ಮೊದಮೊದಲು ಬಾಗಿಲಲ್ಲೇ ಕಾಯುತ್ತಿದ್ದಳು. ಆದರೆ ಖಾಕಿ ಅಂಗಿ ತೊಟ್ಟು "ರೈಟ್!" ಎಂದಾಗ ಅಷ್ಟು ದೊಡ್ಡ ಬಸ್ಸು ಹೊರಡುತ್ತದಲ್ಲ, ಆ ಖುಷಿಯನ್ನು ನಾನು ಬಿಡಲಾರೆ. ನಿಮ್ಮ ಮಗನನ್ನೂ ಬಿಡಲಾರೆ.

ಗುರುವಾರ ನನಗೆ ರಜೆ. ನಮ್ಮ ಮನೆಗೆ ಬನ್ನಿ. ಬೇಡ ಅನ್ನುವುದಿದ್ದರೂ ಬನ್ನಿ, ಎದುರು ಕೂತು ಬೈಯಿರಿ. ಬೈದು ಮುಗಿದಮೇಲೆ ಉಂಡು ಹೋಗಬೇಕು, ಅಷ್ಟೇ.

ನಿಮಗೆ ಮಂಗಳವಾಗಲಿ.

ನಿಮ್ಮನ್ನು ಅತ್ತೆ ಎಂದು ಕರೆಯುವ ಆಸೆಯಲ್ಲಿರುವ,
ಸಂಘಮಿತ್ರಾ