ಗವಿಯ ಗೋಡೆಗೆ ಒಂದು ಗೀರು

ನೀರೇರಿದ ಇನ್ನೂರ ಹದಿನೇಳನೆಯ ವರ್ಷ, ಹದಿಮೂರನೆಯ ತಿಂಗಳು, ಮಧ್ಯಾಹ್ನ

ಒಣನೆಲದ ಹಿರಿಯರಿಗೆ,

ಸೋಮಿ ಮಾಡುವ ನಮಸ್ಕಾರ. ನಮ್ಮ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಧ ದಿನ ನೀರೊಳಗೆ ಬಾಯಿ ಮುಚ್ಚಿಕೊಂಡು ಬದುಕುವವರ ಮಾತು ಹೀಗೇ ಮೊಂಡಾಗುತ್ತದೆ. ಇಂಥ ಕಾಗದಕ್ಕೆ ನಾವು ಹಿಂದಂಚೆ ಎನ್ನುತ್ತೇವೆ. ಮೇಣ ಹಚ್ಚಿದ ಡಬ್ಬಿಯಲ್ಲಿಟ್ಟು ಗವಿಯ ಬಾಯಲ್ಲಿ ಬಿಟ್ಟರೆ ಅದು ಹಿಂದಿನ ಕಾಲಕ್ಕೆ ಹರಿದು ಹೋಗುತ್ತದೆ ಎಂಬುದು ನಮ್ಮವರ ನಂಬಿಕೆ. ವರ್ಷಕ್ಕೊಮ್ಮೆ ಎಲ್ಲ ಮನೆಯವರೂ ಬರೆದು, ಈ ನೀರನ್ನು ನಮ್ಮ ತಲೆಗೆ ಕಟ್ಟಿದ ನಿಮ್ಮನ್ನು ಬಾಯಿ ತುಂಬ ಬೈಯುತ್ತೇವೆ. ಇವತ್ತು ಬೈಯಲು ಪುರುಸೊತ್ತಿಲ್ಲ. ನನ್ನ ಅಕ್ಕ ಹೊನ್ನಿ ಗವಿಯೊಳಗೆ ಸಿಕ್ಕಿಕೊಂಡಿದ್ದಾಳೆ. ಅದಕ್ಕೆ ಕಾರಣ ನಾನೇ.

ನೀವು ಕಾಳಿ ಕಣಿವೆ ಎನ್ನುವಲ್ಲಿ ಈಗ ಉಪ್ಪುನೀರು ನಿಂತಿದೆ. ನಿಮ್ಮ ಕಾಡು ಎಲೆ, ತೊಗಟೆ ಕಳೆದುಕೊಂಡು ಅದರೊಳಗೆ ಹಾಗೆಯೇ ನಿಂತಿದೆ. ನಾವು ಮತ್ತಿ ಮರಗಳ ನೆತ್ತಿಗೆ ತೆಪ್ಪ ಕಟ್ಟಿ ಅದರ ಮೇಲೆ ಮನೆ ಮಾಡಿದ್ದೇವೆ. ಬಟ್ಟೆ, ಪಾತ್ರೆ, ಕೂದಲು ಎಲ್ಲಕ್ಕೂ ಉಪ್ಪು. ಕುಡಿಯುವ ನೀರು ಸಿಗುವುದು ಒಂದೇ ಕಡೆ, ಕಾಡಿನ ಬುಡದಲ್ಲಿರುವ ಮೂಡಗವಿಯ ಕೊನೆಯಲ್ಲಿ. ಅಲ್ಲಿ ಚಾವಣಿ ಎತ್ತರವಾಗಿ, ನೀರು ಮುಟ್ಟದ ಒಂದಿಷ್ಟು ಗಾಳಿ ಉಳಿದಿದೆ. ಆ ಜಾಗಕ್ಕೆ ಉಸಿರುಗೂಡು ಎಂದು ಹೆಸರು. ಅದರ ಗೋಡೆಯಿಂದ ಸಿಹಿನೀರು ಒಸರುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಕೊಂಬೆಗಳ ನಡುವೆ ಇಳಿದು, ಗವಿ ಹೊಕ್ಕು, ಚರ್ಮದ ಚೀಲದಲ್ಲಿ ನೀರು ತುಂಬಿ ತರುವುದು ನಮ್ಮ ಮನೆಯ ಹೆಂಗಸರ ಕೆಲಸ. ಅಕ್ಕ ಹನ್ನೆರಡು ವರ್ಷದಿಂದ ಹೋಗುತ್ತಿದ್ದಾಳೆ. ನಾನು ಹೋದದ್ದು ಇದು ಎರಡನೆಯ ಸಲ.

ಒಳಗೆ ಹೋಗುವಾಗ ದಾರಿಗೆಂದು ಹಗ್ಗ ಬಿಟ್ಟುಕೊಂಡು ಹೋಗಿ ಉಸಿರುಗೂಡಿನ ಕಲ್ಲಿಗೆ ಕಟ್ಟುತ್ತೇವೆ. ಬರುವಾಗ ಎಲ್ಲರಿಗಿಂತ ಕೊನೆಗೆ ಹೊರಟವಳು ಅದನ್ನು ಬಿಚ್ಚಿ ಸುತ್ತಿಕೊಂಡು ಬರಬೇಕು. ಒಳಗೇ ಬಿಟ್ಟ ಹಗ್ಗ ಸಡಿಲವಾಗಿ ಮುಂದಿನವರ ಕಾಲಿಗೆ ಸುತ್ತಿಕೊಳ್ಳುತ್ತದೆ. ನಮ್ಮ ಅಜ್ಜಿ ಸತ್ತದ್ದು ಹಾಗೆ. ಹಾಗಾಗಿ ನಮ್ಮಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಹಗ್ಗ ಸುತ್ತುವುದನ್ನು ಕಲಿಸುತ್ತಾರೆ.

ಇವತ್ತು ಬೆಳಿಗ್ಗೆ ನನ್ನ ಚೀಲ ತುಂಬಿತು. ಅಕ್ಕ ತನ್ನ ಚೀಲ ತುಂಬಲು ಗೂಡಿನೊಳಗಿನ ಬಂಡೆಯ ಆಚೆ ಬದಿಗೆ ಹೋದಳು. ನಾನು ಹಗ್ಗ ಹಿಡಿಯಲು ನೀರಿಗೆ ಮುಳುಗಿದೆ. ಕಾಲು ತಳಕ್ಕೆ ಬಡಿದು ಕೆಸರೆದ್ದಿತು, ಕೈಯಲ್ಲಿದ್ದ ದೀಪವೇ ಕಾಣದಾಯಿತು. ಆಗ ದಪ್ಪನೆಯದೇನೋ ನನ್ನ ಬೆನ್ನು ಸವರಿಕೊಂಡು ಹೊರಗಿನ ಕಡೆಗೆ ಹೋಯಿತು, ಹಗ್ಗವೂ ಅಲುಗಿತು. ಅಕ್ಕ ನನ್ನನ್ನು ದಾಟಿ ಹೋದಳು, ಇನ್ನು ಉಳಿದವಳು ನಾನೊಬ್ಬಳೇ ಅಂದುಕೊಂಡೆ. ಒಮ್ಮೆ ತಲೆ ಎತ್ತಿ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಗಂಟು ಬಿಚ್ಚಿ, ಹಗ್ಗ ಸುತ್ತುತ್ತ, ಹಿಂದೆ ನೋಡದೆ ಬಂದುಬಿಟ್ಟೆ.

ಮೇಲೆ ದೇಮು ಅತ್ತೆ ಗಾಳಿ ತುಂಬುವ ಪಂಪಿನ ಹತ್ತಿರ ಕೂತಿದ್ದಳು. ಅವಳು ಎಂದೂ ಗವಿಗೆ ಇಳಿದವಳಲ್ಲ.

"ಹೊನ್ನಿ ಎಲ್ಲೇ?" ಎಂದಳು.

"ನನ್ನಿಂದ ಮುಂದೇ ಬಂದ್ಲಲ್ಲ ಅತ್ತೆ," ಎಂದೆ.

ಅತ್ತೆ ನನ್ನ ಕೈಯಲ್ಲಿದ್ದ ಹಗ್ಗದ ಸುರುಳಿ ನೋಡಿದಳು. ಬೈಯುವ ಬದಲು ನನ್ನ ಬೆನ್ನಿನ ಸಿಲಿಂಡರ್ ಬಿಚ್ಚಿ ಪಂಪಿಗೆ ಜೋಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಬೆನ್ನು ಸವರಿದ್ದು ಆಳುದ್ದದ ಹಾವುಮೀನು ಇರಬಹುದು ಎನ್ನುತ್ತಾಳೆ ಅತ್ತೆ. ಏನೋ ನನಗೆ ಗೊತ್ತಿಲ್ಲ. ಅದು ಇನ್ನೂ ಒಳಗೇ ಇರಬಹುದು. ಗವಿಯ ಮೇಲಿನ ಬಂಡೆ ನೀರಿನಿಂದ ಎದ್ದಿರುವಲ್ಲಿ ಕಿವಿ ಇಟ್ಟರೆ, ಅಕ್ಕ ಕೆಳಗಿನಿಂದ ಕಲ್ಲು ಕುಟ್ಟುವುದು ಕೇಳುತ್ತದೆ. ಹಗ್ಗ ಹೋದರೆ ಗೂಡು ಬಿಡಬಾರದು ಎಂಬುದು ನಿಯಮ, ಅವಳು ಬಿಟ್ಟಿಲ್ಲ. ಆದರೆ ಬೆಳಿಗ್ಗೆ ಪಟಪಟನೆ ಕುಟ್ಟುತ್ತಿದ್ದವಳು ಈಗ ಒಂದು ಕುಟ್ಟಿ ಬಹಳ ಹೊತ್ತು ಸುಮ್ಮನಿರುತ್ತಾಳೆ. ಅಲ್ಲಿಯ ಗಾಳಿ ಸಂಜೆಯವರೆಗೆ ಸಾಲುವುದಿಲ್ಲ. ಬೇರೆ ಮನೆಯ ಮುಳುಗುಗಾರ್ತಿಯರು ಬರಲು ಎರಡು ದಿನ ಬೇಕು. ಅತ್ತೆ ಪಂಪು ತುಳಿಯುತ್ತಿದ್ದಾಳೆ. ಸಿಲಿಂಡರ್ ತುಂಬಿದ ಕೂಡಲೇ ನಾನು ಇಳಿಯಬೇಕು. ಇಳಿಯಲು ನನಗೆ ಸಾಯುವಷ್ಟು ಭಯ.

ಗವಿಯ ನಡುವೆ ದಾರಿ ಮೂರಾಗಿ ಒಡೆಯುತ್ತದೆ. ಎರಡು ಸಲವೂ ಅಕ್ಕನ ಹಿಂದೆ ಹೋದ ನನಗೆ ಯಾವುದು ಸರಿಯಾದದ್ದು ಎಂದು ಗೊತ್ತಿಲ್ಲ. ನಾನೆಬ್ಬಿಸಿದ ಕೆಸರು ಇನ್ನೂ ಕೂತಿಲ್ಲ. ತಪ್ಪು ಬಾಯಿ ಹೊಕ್ಕರೆ ತಿರುಗಿ ಬರುವಷ್ಟು ಗಾಳಿ ಇರುವುದಿಲ್ಲ.

ನಿಮ್ಮ ಕಾಲದಲ್ಲಿ ಅಲ್ಲಿ ನೀರಿಲ್ಲ, ಬಾವಲಿಗಳಿವೆ. ನೀವು ಬರಿಗಾಲಲ್ಲಿ ನಡೆದು ಹೋಗಬಹುದು. ಕಣಿವೆಯ ಗುಡ್ಡದ ಮೂಡಣ ಮುಖದಲ್ಲಿ ಬಗ್ಗಿ ಒಳಗೆ ಹೋಗಿ, ಕವಲಿಗೆ ಸುಮಾರು ಅರವತ್ತು ಹೆಜ್ಜೆ. ಮೂರು ದಾರಿಯಲ್ಲೂ ದೀಪ ಹಿಡಿದು ನಡೆದು ನೋಡಿ. ಎತ್ತರದ ಚಾವಣಿಯ ಕೋಣೆಗೆ ಯಾವುದು ಮುಟ್ಟುತ್ತದೋ ಅದರ ಬಲಗೋಡೆಗೆ, ಎದೆಮಟ್ಟದಲ್ಲಿ, ಉದ್ದಕ್ಕೆ ಒಂದು ಗೀರು ಕೆತ್ತಿ. ಕಣ್ಣಿಗಲ್ಲ, ಬೆರಳಿಗೆ ಸಿಗುವ ಹಾಗೆ ಆಳವಾಗಿ. ಬಂಡೆ ಕಂಡರೆ ಹೆಸರು ಕೆತ್ತುವ ಚಟ ನಿಮಗಿದೆ ಎಂದು ಬಲ್ಲೆ. ಇದೊಂದು ಸಲ ಹೆಸರು ಬೇಡ. ಉಳಿದೆರಡು ಬಾಯಿಗಳನ್ನು ಮುಟ್ಟಬೇಡಿ. ಗವಿಯೊಳಗೆ ಅಂಥ ಗೀರಿದೆಯೇ ಎಂದು ನಾವಾರೂ ಇದುವರೆಗೆ ತಡವಿ ನೋಡಿಲ್ಲ, ಹಗ್ಗ ಹಿಡಿದ ಕೈ ಗೋಡೆ ಮುಟ್ಟುವುದಿಲ್ಲ.

ಪಂಪಿನ ಸದ್ದು ನಿಂತಿತು. ಅತ್ತೆ ಕರೆಯುತ್ತಿದ್ದಾಳೆ. ನೀವು ಹೋದಿರೋ ಇಲ್ಲವೋ ಎಂಬುದು ಇನ್ನು ಅರ್ಧ ತಾಸಿನಲ್ಲಿ ನನ್ನ ಬೆರಳಿಗೆ ತಿಳಿಯುತ್ತದೆ. ನಿಮಗಾದರೋ ಇನ್ನೂ ಇನ್ನೂರು ವರ್ಷಕ್ಕೂ ಮೇಲೆ ಸಮಯವಿದೆ. ದಯವಿಟ್ಟು ಇವತ್ತೇ ಹೋಗಿ.