ಹಾಸ್ಟೆಲಿನ ಅಡಿಯ ಬಾವಿ

ಜುಲೈ ೧೬, ಬುಧವಾರ.

ನಮ್ಮ ಕಾಲೇಜಿನ ಹುಡುಗಿಯರ ಹಾಸ್ಟೆಲಿನ ಮೂಲೆಯ ಕೋಣೆಯ ನೆಲ ಕುಸಿಯುತ್ತಿದೆ, ಅಡಿಯಲ್ಲಿ ಹಳೆಯ ಬಾವಿಯಿದೆ ಎಂದು ಇವತ್ತಿನ ಸಭೆಯಲ್ಲಿ ಹೇಳಿದೆ. ಪ್ರಾಚಾರ್ಯ ಪಂಢರಿನಾಥ ನಕ್ಕುಬಿಟ್ಟರು. ಕಾಲೇಜಿನ ಯಾವ ನಕ್ಷೆಯಲ್ಲೂ ಬಾವಿಯಿಲ್ಲವಂತೆ. ಭೂಗೋಳ ಕಲಿಸುವ ನಾನು ನಕ್ಷೆಯ ಮಾತು ಬಂದೊಡನೆ ಸುಮ್ಮನಾದೆ.

ಮನೆಯಲ್ಲಿ ಅತ್ತೆ ಹರಿಹಾಯ್ದರು: “ಬಾವಿ ಮುಚ್ಚಿ ಹಾಸ್ಟೆಲ್ ಕಟ್ಟೂಕಿಂತ ಮೊದಲ, ಸುರಭಿ ಹುಟ್ಟಿದಾಗ, ಅದಽ ಬಾವಿಗೆ ಗಂಗವ್ವನ ಪೂಜಿ ಮಾಡಿ ಕೊಡಾ ಹೊತ್ತು ಬಂದ ಬಾಣಂತಿ ನೀನಽ ಅಲ್ಲೇನು? ಅಷ್ಟು ಹೇಳಾಕ ಬಾಯಿ ಬರಲಿಲ್ಲೇನ?”

ಬರಲಿಲ್ಲ. ಸಭೆಗೆ ಬಂದಿದ್ದ ಇಂಜಿನಿಯರುಗಳ ಮುಂದೆ ಅರಿಶಿನ ಕುಂಕುಮದ ಸಾಕ್ಷಿ ಹೇಳಲು ನಾಚಿಕೆಯಾಯಿತು.

ಕಾತ್ರಜದ ಗುಡ್ಡದ ಕಡೆಯಿಂದ ಮಳೆ ಮತ್ತೆ ಜೋರಾಗಿದೆ. ಆ ಕೋಣೆಯಲ್ಲಿ ಮೂವರು ಹುಡುಗಿಯರು ಮಲಗಿದ್ದಾರೆ, ನನ್ನ ಸುರಭಿಯ ವಾರಿಗೆಯವರು. ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಫೋನ್ ಎತ್ತುತ್ತಿಲ್ಲ. ನಾನೇ ಹೋಗಿ ಎಬ್ಬಿಸಬೇಕು. ಅತ್ತೆ ಆಗಲೇ ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.