ಗುರುಗಳ ಕ್ವಾಂಟಂ, ಅಪ್ಪನ ಕಣ್ಣು

ಪ್ರೀತಿಯ ಅಪ್ಪನಿಗೆ,

ನಿಮ್ಮ ಧ್ಯಾನಕೇಂದ್ರದ ವೇದಿಕೆ ಹತ್ತಿ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳಾಗಿ ನಾಲ್ಕು ಮಾತಾಡೆಂದು ಕೇಳಿದ್ದಿರಿ. ನಿಮಗೆ ತಿಳಿಸದೆ ನಿನ್ನೆ ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ.

“ನೋಡುವವನಿಂದ ಕಣ ಬದಲಾಗುತ್ತೆ ಅಂತ ಕ್ವಾಂಟಂ ವಿಜ್ಞಾನಾನೇ ಹೇಳಿದೆ. ಕಾಯಿಲೇನೂ ಹಾಗೇ, ನೋಡೋ ರೀತಿ ಬದಲಾದ್ರೆ ಹೋಗುತ್ತೆ,” ಎಂದರು ಗುರುಗಳು, ದಪ್ಪ ಗಾಜಿನ ಕನ್ನಡಕ ಒರೆಸಿಕೊಳ್ಳುತ್ತ.

ಆಮೇಲೆ ಹತ್ತಿರ ಹೋಗಿ ಕೇಳಿದೆ: “ನಿಮ್ಮಲ್ಲಿಗೆ ಬರೋ ನಮ್ಮಪ್ಪ ಕಣ್ಣಿನ ಡ್ರಾಪ್ಸ್ ಹಾಕ್ಕೊಳ್ಳೋದು ಬಿಟ್ಟಿದ್ದಾರಂತೆ, ಅಮ್ಮ ಹೇಳಿದ್ಲು. ನೀವು ಬಿಡಿಸಿದ್ರಾ?”

“ನಾನ್ಯಾಕಮ್ಮ ಬಿಡಿಸ್ಲಿ? ಅವರಿಗೇ ಅನ್ನಿಸಿರಬೇಕು,” ಎಂದು ನಕ್ಕರು. ಇಷ್ಟು ಸಲೀಸಾಗಿ ಜಾರಿಕೊಳ್ಳುವವರನ್ನು ನಾನು ನಂಬಲಾರೆ.

ಅಪ್ಪಾ, ನಮ್ಮ ಭೌತಶಾಸ್ತ್ರದಲ್ಲಿ ನೋಡುವುದೆಂದರೆ ಉಪಕರಣದಿಂದ ಅಳೆಯುವುದು, ಹಾರೈಸುವುದಲ್ಲ. ಆದರೂ ಅಳೆದಷ್ಟೂ ಗೊತ್ತಿಲ್ಲದ್ದೇ ಹೆಚ್ಚಾಗಿ, ಅದರ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ಬೆಳಿಗ್ಗೆ ನೀವು ಧ್ಯಾನಕ್ಕೆ ಕೂರುವುದೂ ಹಾಗೇ ಇರಬಹುದು. ಅಷ್ಟನ್ನು ಒಪ್ಪುತ್ತೇನೆ. ವೇದಿಕೆ ಮಾತ್ರ ಹತ್ತುವುದಿಲ್ಲ.

ನಿಮ್ಮ ಕಣ್ಣೊಳಗಿನ ಒತ್ತಡ ನೋವೇ ಕೊಡದೆ ದೃಷ್ಟಿಯನ್ನು ತಿಂದುಹಾಕುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಭಾನುವಾರ ಹೊಸ ಡ್ರಾಪ್ಸ್ ತರುತ್ತೇನೆ. ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರಬೇಕಂತೆ. ನಾನೂ ಪಕ್ಕದಲ್ಲಿ ಹಾಗೇ ಕೂರುತ್ತೇನೆ.

ನಿಮ್ಮ ಮಗಳು